ಒಂಟಿ ಫೇಸಿನ ಮನೆಗೆ ಮೂರು ಫೇಸಿನ ಲೇತು

ಪೀಣ್ಯದ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಟರ್ನರ್ ಆಗಿ ದುಡಿದು ನಿವೃತ್ತರಾದವರೊಬ್ಬರನ್ನು ಕಲ್ಪಿಸಿಕೊಳ್ಳಿ. ತುಮಕೂರು ಕಡೆಯ ತಮ್ಮ ಊರಿಗೆ ಮರಳುವಾಗ ಅವರು ಕೈಗೆ ಬಂದ ಹಣದಲ್ಲಿ ಒಂದು ಪಾಲು ತೆಗೆದು, ಮುಚ್ಚಿಹೋದ ವರ್ಕ್‌ಶಾಪೊಂದರ ಹಳೆಯ ಲೇತು ಕೊಂಡಿದ್ದಾರೆ. ಟೆಂಪೋದಲ್ಲಿ ಬಂದ ಯಂತ್ರವನ್ನು ಐದಾರು ಮಂದಿ ಸೇರಿ, ಹಾರೆ ಹಾಕಿ, ಪೈಪುಗಳ ಮೇಲೆ ಉರುಳಿಸಿ ಹಿತ್ತಲಿನ ಕೊಟ್ಟಿಗೆಗೆ ಸೇರಿಸಿದ್ದೂ ಆಯಿತು. ಊರಿನ ಪಂಪ್‌ಸೆಟ್ಟುಗಳಿಗೆ ಬುಷ್ಷು, ಟ್ರ್ಯಾಕ್ಟರುಗಳಿಗೆ ಪಿನ್ನು ಮಾಡಿಕೊಟ್ಟರೂ ಸಾಕು, ಕೈಗೆ ಕೆಲಸವಿರುತ್ತದೆ, ಮನೆಯ ಖರ್ಚಿಗೂ ಆಗುತ್ತದೆ ಎಂಬುದು ಅವರ ಲೆಕ್ಕ.

ಪೂಜೆ ಮಾಡಿ ಸ್ವಿಚ್ ಹಾಕಬೇಕು ಎನ್ನುವಾಗ ಊರಿನ ಎಲೆಕ್ಟ್ರಿಷಿಯನ್ ಬಂದು ಮೋಟಾರಿನ ತಗಡಿನ ಪಟ್ಟಿಯ ಮೇಲಿನ ಧೂಳು ಒರೆಸಿ ನೋಡುತ್ತಾನೆ. 1.5 ಕಿಲೋವ್ಯಾಟ್, 415 ವೋಲ್ಟ್, 3 ಫೇಸ್, 50 ಸೈಕಲ್, 1440 ಸುತ್ತು.

"ಯಜಮಾನ್ರೇ, ಇದು ತ್ರೀ ಫೇಸು. ನಿಮ್ಮನೇಲಿರೋದು ಸಿಂಗಲ್ಲು. ಇದು ತಿರುಗಲ್ಲ."

ಕಾರ್ಖಾನೆಯಲ್ಲಿ ಗುಂಡಿ ಒತ್ತಿದರೆ ತಿರುಗುತ್ತಿದ್ದ ಯಂತ್ರಕ್ಕೆ ಯಾವ ತಂತಿ ಬರುತ್ತದೆ ಎಂದು ಅವರು ಮೂವತ್ತು ವರ್ಷದಲ್ಲಿ ಯೋಚಿಸಬೇಕಾಗಿಯೇ ಬಂದಿರಲಿಲ್ಲ. ಈಗ ಸಲಹೆಗಳ ಮಳೆ. "ಮೋಟಾರನ್ನೇ ಬದಲಾಯಿಸಿಬಿಡಿ" ಎಂದ ವೈಂಡಿಂಗ್ ಅಂಗಡಿಯವನು. "ಒಂದು ಕಂಡೆನ್ಸರ್ ಹಾಕಿದರೆ ಓಡುತ್ತೆ" ಎಂದ ಎಲೆಕ್ಟ್ರಿಷಿಯನ್. "ಡ್ರೈವ್ ತಗೊಳ್ಳಪ್ಪ" ಎಂದು ಪೀಣ್ಯದ ಹಳೆಯ ಗೆಳೆಯನ ಫೋನು. "ಪಕ್ಕದ ಮನೆಗೆ ಬೇರೆ ಫೇಸ್ ಬಂದಿದೆ, ಅಲ್ಲಿಂದ ಒಂದು ತಂತಿ ಎಳೆದುಕೊಂಡರಾಯಿತು" ಎಂದವರೂ ಉಂಟು. ಮೊದಲ ಮೂರರಲ್ಲೂ ಸತ್ಯವಿದೆ. ನಾಲ್ಕನೆಯದರಲ್ಲಿ ಸಾವಿದೆ.

ಯಾವುದನ್ನು ಆರಿಸಬೇಕೆಂದು ತಿಳಿಯುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಈ ಮೂರು ಫೇಸಿನಲ್ಲಿ ಇರುವ, ಒಂದು ಫೇಸಿನಲ್ಲಿ ಇಲ್ಲದ ವಸ್ತು ಯಾವುದು?

ಒನಕೆ ಒಂದಿದ್ದರೆ, ಮೂರಿದ್ದರೆ

ಮೂರು ಫೇಸ್ ಎಂದರೆ ಮೂರು ಪಟ್ಟು ಕರೆಂಟು ಎಂಬುದು ಅನೇಕರ ತಿಳಿವಳಿಕೆ. ಆದರೆ ಈ ಲೇತಿನ ಮೋಟಾರು ಬರೇ ಎರಡು ಅಶ್ವಶಕ್ತಿಯದು. ಮನೆಯ ನೀರು ಕಾಯಿಸುವ ಗೀಸರು ಅಷ್ಟೇ ವಿದ್ಯುತ್ತನ್ನು ಒಂಟಿ ಫೇಸಿನಿಂದಲೇ ಎಳೆದುಕೊಂಡು ಸುಮ್ಮನೆ ಕೆಲಸ ಮಾಡುತ್ತದೆ. ಅಂದಮೇಲೆ ಕೊರತೆಯಿರುವುದು ವಿದ್ಯುತ್ತಿನ ಪ್ರಮಾಣದಲ್ಲಲ್ಲ, ಅದು ಬರುವ ರೀತಿಯಲ್ಲಿ.

ಭತ್ತ ಕುಟ್ಟುವ ಒರಳನ್ನು ನೆನಪಿಸಿಕೊಳ್ಳಿ. ಒಬ್ಬಳೇ ಕುಟ್ಟುವಾಗ ಒನಕೆ ಮೇಲೇಳುವಷ್ಟು ಹೊತ್ತು ಒರಳಿಗೆ ಬಿಡುವು. ಮೂವರು ಸುತ್ತ ನಿಂತು ಒಬ್ಬರಾದ ಮೇಲೊಬ್ಬರು ಒನಕೆ ಹಾಕತೊಡಗಿದರೆ ಬಿಡುವೆಂಬುದೇ ಇಲ್ಲ. ಮನೆಗೆ ಬರುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಸಲ ಅತ್ತಿತ್ತ ತೂಗುತ್ತದೆ. ಹಾಗೆ ತೂಗುವಾಗ ಸೆಕೆಂಡಿಗೆ 100 ಸಲ ಸೊನ್ನೆಯ ಮೂಲಕ ಹಾದು ಹೋಗುತ್ತದೆ. ಆ ಗಳಿಗೆಯಲ್ಲಿ ತಂತಿ ಇದ್ದೂ ಇಲ್ಲದಂತೆ. ಗೀಸರಿಗೆ ಇದರ ಪರಿವೆಯಿಲ್ಲ, ನೀರಿಗೆ ಶಾಖ ತಲುಪಿದರೆ ಸಾಕು. ಮೂರು ಫೇಸಿನಲ್ಲಾದರೋ ಮೂರು ತಂತಿಗಳು ಒಂದರ ಹಿಂದೊಂದು, ಸಮನಾದ ಅಂತರದಲ್ಲಿ ಏರಿಳಿಯುತ್ತವೆ. ಒಂದು ಬರಿದಾದಾಗ ಉಳಿದೆರಡು ಹೊರೆ ಹೊರುತ್ತವೆ. ಮೂರನ್ನೂ ಕೂಡಿಸಿ ನೋಡಿದರೆ ಶಕ್ತಿಯ ಹರಿವು ಯಾವ ಗಳಿಗೆಯಲ್ಲೂ ಒಂದೇ ಸಮ.

ಮೋಟಾರಿಗೆ ಇದರಿಂದ ಇನ್ನೊಂದು ಲಾಭವಿದೆ. ಅದರ ಹೊರಮೈಯಲ್ಲಿ ಮೂರು ಗುಂಪು ಸುರುಳಿಗಳನ್ನು ಸುತ್ತಲೂ ಹಂಚಿ ಕೂರಿಸಿರುತ್ತಾರೆ. ಮೂರು ಫೇಸುಗಳು ಸರದಿಯಂತೆ ಏರಿದಾಗ ಕಾಂತಬಲ ಒಂದು ಸುರುಳಿಯಿಂದ ಮುಂದಿನದಕ್ಕೆ, ಅಲ್ಲಿಂದ ಅದರ ಮುಂದಿನದಕ್ಕೆ ದಾಟುತ್ತಾ ಹೋಗುತ್ತದೆ. ಕಬ್ಬಿಣವೇನೂ ಅಲುಗದೆ ಒಂದು ಅದೃಶ್ಯ ಅಯಸ್ಕಾಂತ ಗಿರ್ರನೆ ಸುತ್ತಿದ ಹಾಗೆ. ನಮ್ಮ ಲೇತಿನ ಮೋಟಾರಿನಲ್ಲಿ ಈ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ಹಾಕುತ್ತದೆ. ಒಳಗಿನ ರೋಟರು ಅದರ ಬೆನ್ನು ಹತ್ತಿ, ತುಸು ಹಿಂದೆ ಬಿದ್ದು, 1440ರಲ್ಲಿ ಓಡುತ್ತದೆ.

ಒಂದೇ ಫೇಸ್ ಕೊಟ್ಟರೆ ಈ ಕಾಂತಕ್ಷೇತ್ರ ಸುತ್ತುವುದಿಲ್ಲ, ಗರಗಸದಂತೆ ಹಿಂದೆ ಮುಂದೆ ಎಳೆದಾಡುತ್ತದೆ. ರೋಟರಿಗೆ ಎಡಕ್ಕೆ ತಿರುಗಲೋ ಬಲಕ್ಕೆ ತಿರುಗಲೋ ಗೊತ್ತಾಗುವುದಿಲ್ಲ. ಗುಂಯ್‌ಗುಟ್ಟುತ್ತಾ ಬಿಸಿಯಾಗಿ ನಿಲ್ಲುತ್ತದೆ. ಪಂಪ್‌ಸೆಟ್ ಇಟ್ಟ ರೈತರಿಗೆ ಈ ಸದ್ದಿನ ಪರಿಚಯವಿದೆ. ಕಂಬದಲ್ಲಿ ಒಂದು ಫ್ಯೂಸ್ ಹೋದರೆ ಮೋಟಾರು ಸುಟ್ಟು ವೈಂಡಿಂಗ್ ಅಂಗಡಿಗೆ ಹೋಗುವುದು ಇದೇ ಕಾರಣಕ್ಕೆ.

ಹಾಗಾದರೆ ಮನೆಯ ಸೀಲಿಂಗ್ ಫ್ಯಾನು ಒಂದೇ ಫೇಸಿನಲ್ಲಿ ತಿರುಗುವುದು ಹೇಗೆ? ಸಾಮಾನ್ಯ ಫ್ಯಾನಿನ ಬಟ್ಟಲಿನೊಳಗೆ ಹೆಬ್ಬೆರಳು ಗಾತ್ರದ ಒಂದು ಕೆಪಾಸಿಟರ್ ಇದೆ. ನಮ್ಮ ಜನ ಅದನ್ನು ಕಂಡೆನ್ಸರ್ ಎನ್ನುತ್ತಾರೆ. ಅದು ಎರಡನೆಯ ಸುರುಳಿಗೆ ಹೋಗುವ ವಿದ್ಯುತ್ತಿನ ಸರದಿಯನ್ನು ಹಿಂದುಮುಂದಾಗಿಸಿ, ಒಂದು ಫೇಸಿನಿಂದ ಎರಡನೆಯದೊಂದನ್ನು ಹುಟ್ಟಿಸುತ್ತದೆ. ಕಂಡೆನ್ಸರ್ ಕೆಟ್ಟ ಫ್ಯಾನು ತಾನಾಗಿ ಹೊರಡುವುದಿಲ್ಲ. ಕೋಲಿನಿಂದ ತಳ್ಳಿದರೆ ತಳ್ಳಿದ ಕಡೆಗೆ ಓಡಬಹುದು. ಇಡೀ ವಿಷಯದ ಬೀಜ ಈ ಫ್ಯಾನಿನಲ್ಲೇ ಇದೆ.

ಆರು ಜೂಲಿನ ಸಾಲ

ಒಂಟಿ ಫೇಸಿನಿಂದ ಮೂರು ಫೇಸ್ ಮಾಡುವುದೆಂದರೆ ಸೆಕೆಂಡಿಗೆ ನೂರು ಸಲ ಬರುವ ಬಿಡುವನ್ನು ತುಂಬುವುದು. ದಿನ ಬಿಟ್ಟು ದಿನ ಬರುವ ನಲ್ಲಿ ನೀರನ್ನು ಸಂಪಿನಲ್ಲಿ ಹಿಡಿದಿಟ್ಟು ಮನೆಗೆ ಸದಾ ನೀರು ಬರುವಂತೆ ಮಾಡಿಕೊಳ್ಳುವುದಿಲ್ಲವೇ? ಹಾಗೆಯೇ ಇಲ್ಲೂ ಒಂದು ಸಂಪು ಬೇಕು. ತಂತಿಯಲ್ಲಿ ವಿದ್ಯುತ್ತು ಉಕ್ಕುವಾಗ ತುಂಬಿಕೊಳ್ಳಬೇಕು, ಬತ್ತಿದಾಗ ಕೊಡಬೇಕು.

ಈ ಸಂಪು ಎಷ್ಟು ದೊಡ್ಡದಿರಬೇಕು? ಎರಡು ಅಶ್ವಶಕ್ತಿಯ ಮೋಟಾರು ಪೂರ್ತಿ ಹೊರೆಯಲ್ಲಿ ಸುಮಾರು 1.9 ಕಿಲೋವ್ಯಾಟ್ ಎಳೆಯುತ್ತದೆ ಎಂದುಕೊಂಡರೆ, ಪ್ರತಿ ಬಿಡುವಿನಲ್ಲಿ ತುಂಬಬೇಕಾದದ್ದು ಸುಮಾರು 6 ಜೂಲ್ ಶಕ್ತಿ. ಒಂದು ಲೀಟರ್ ನೀರನ್ನು ಎರಡು ಅಡಿ ಮೇಲೆತ್ತಲು ಬೇಕಾಗುವಷ್ಟು. ಅಷ್ಟೇನೂ ದೊಡ್ಡದಲ್ಲ. ಆದರೆ ಈ ಕೈಸಾಲವನ್ನು ಸೆಕೆಂಡಿಗೆ ನೂರು ಸಲ ಕೊಟ್ಟು ನೂರು ಸಲ ವಸೂಲು ಮಾಡಬೇಕು. ಕಂಡೆನ್ಸರ್ ಪೆಟ್ಟಿಗೆ, ತಿರುಗುವ ಪರಿವರ್ತಕ, ಎಲೆಕ್ಟ್ರಾನಿಕ್ ಡ್ರೈವ್ ಈ ಮೂರೂ ಇಂಥ ಸಂಪುಗಳೇ. ಇವುಗಳಲ್ಲಿ ಯಾವುದೂ ಹೊಸ ಶಕ್ತಿಯನ್ನು ತಂದುಕೊಡುವುದಿಲ್ಲ. ಮನೆಯ ತಂತಿ ತರುವುದಷ್ಟೇ ಬಂಡವಾಳ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಯಾರ ಸಲಹೆಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ತಾನಾಗಿಯೇ ಹೊಳೆಯುತ್ತದೆ.

ಸುತ್ತುವ ಕಾಂತಕ್ಷೇತ್ರವನ್ನು ಇಟಲಿಯ ಟ್ಯೂರಿನ್‌ನಲ್ಲಿ ಗೆಲಿಲಿಯೋ ಫೆರಾರಿಸ್ 1885ರಲ್ಲಿ ಮಾಡಿ ತೋರಿಸಿದರು. 1888ರಲ್ಲಿ ನಿಕೊಲಾ ಟೆಸ್ಲಾಗೆ ಅಮೆರಿಕದಲ್ಲಿ ಪೇಟೆಂಟುಗಳು ಸಿಕ್ಕವು. ಇಂದು ಗಿರಣಿ, ಕಾರ್ಖಾನೆಗಳಲ್ಲಿ ಕಾಣುವ ಮೂರು ಫೇಸಿನ ಮೋಟಾರಿಗೆ ರೂಪ ಕೊಟ್ಟವರು ಜರ್ಮನಿಯ ಎಇಜಿ ಕಂಪನಿಯಲ್ಲಿದ್ದ ಮಿಖಾಯಿಲ್ ಡೊಲಿವೊ-ಡೊಬ್ರೊವೊಲ್‌ಸ್ಕಿ, 1889ರಲ್ಲಿ. ಎರಡೇ ವರ್ಷದಲ್ಲಿ ಮೂರು ಫೇಸಿನ ವಿದ್ಯುತ್ತು ಲಾಫೆನ್‌ನಿಂದ ಫ್ರಾಂಕ್‌ಫರ್ಟ್‌ವರೆಗೆ 175 ಕಿ.ಮೀ. ಹರಿಯಿತು. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿನ ಬೀದಿದೀಪಗಳಿಗೆ ಅದು ಬಂದದ್ದು 1905ರಲ್ಲಿ. ಯಂತ್ರಗಳಿಗೆ ಮೊದಲು, ಮನೆಗಳಿಗೆ ಆಮೇಲೆ ಎಂಬುದು ನಮ್ಮಲ್ಲಿ ಅಂದಿನಿಂದಲೂ ಬಂದ ಕ್ರಮ.

ರೈಲಿನ ತಲೆಯ ಮೇಲೆ ಒಂದೇ ತಂತಿ

ಮನೆಯ ಲೇತಿನ ಈ ತೊಡಕು ರೈಲ್ವೆಗೂ ಇದೆ ಎಂದರೆ ನಂಬುತ್ತೀರಾ? ವಿದ್ಯುತ್ ರೈಲಿನ ಹಳಿಯ ಮೇಲೆ ಹಾದುಹೋಗಿರುವುದು 25 ಸಾವಿರ ವೋಲ್ಟಿನ ಒಂದೇ ಫೇಸಿನ ತಂತಿ. ಅದರ ಮರುದಾರಿ ಹಳಿಯ ಮೂಲಕ. ಆದರೆ ಎಂಜಿನಿನೊಳಗಿನ ಗಾಳಿಯೂದುವ ಬ್ಲೋವರ್, ಕಂಪ್ರೆಸರ್, ಎಣ್ಣೆ ಪಂಪುಗಳೆಲ್ಲ ಮೂರು ಫೇಸಿನವು. ನಮ್ಮ ಹಳೆಯ ಮಾದರಿಯ ವಿದ್ಯುತ್ ಎಂಜಿನುಗಳಲ್ಲಿ ಇದಕ್ಕೆಂದೇ 'ಆರ್ನೋ' ಎಂಬ ತಿರುಗುವ ಯಂತ್ರವಿರುತ್ತಿತ್ತು. ಟ್ಯೂರಿನ್‌ನಲ್ಲಿ ಫೆರಾರಿಸ್‌ಗೆ ಸಹಾಯಕರಾಗಿದ್ದ ರಿಕಾರ್ಡೊ ಆರ್ನೋ ಅವರ ಹೆಸರದು. ಮೊದಲು ಆರ್ನೋ ಹೊರಡಬೇಕು, ಆಮೇಲೆ ಅದು ಹುಟ್ಟಿಸಿದ ಮೂರು ಫೇಸಿನಲ್ಲಿ ಉಳಿದದ್ದು.

1990ರ ದಶಕದ ನಡುವಿನಿಂದ ಬಂದ ಹೊಸ ಎಂಜಿನುಗಳಲ್ಲಿ ಗಾಲಿ ತಿರುಗಿಸುವ ಮೋಟಾರುಗಳೇ ಮೂರು ಫೇಸಿನವು. ಅಲ್ಲಿ ಒಂದನ್ನು ಮೂರು ಮಾಡುವ ಕೆಲಸ ಎಲೆಕ್ಟ್ರಾನಿಕ್ ಪರಿವರ್ತಕಗಳದ್ದು. ಆರು ಸಾವಿರ ಅಶ್ವಶಕ್ತಿಯನ್ನು ಒಂಟಿ ಫೇಸಿನಿಂದ ಪಡೆಯಬಹುದಾದರೆ ಕೊಟ್ಟಿಗೆಯ ಎರಡು ಅಶ್ವಶಕ್ತಿ ಯಾವ ಲೆಕ್ಕ? ಈಗ ಯಜಮಾನರ ಮುಂದಿರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಕಂಡೆನ್ಸರ್ ದಾರಿ

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಮೋಟಾರಿನ ಎರಡು ತುದಿಗಳಿಗೆ ಮನೆಯ ಫೇಸ್ ಮತ್ತು ನ್ಯೂಟ್ರಲ್. ಮೂರನೆಯ ತುದಿಗೂ ಅವೆರಡರಲ್ಲೊಂದಕ್ಕೂ ನಡುವೆ ಕಂಡೆನ್ಸರ್. ವಿದ್ಯುತ್ ವಿಜ್ಞಾನಿ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಹೆಸರಿನಲ್ಲಿ ಕರೆಯುವ ಜೋಡಣೆಯಿದು. 230 ವೋಲ್ಟಿಗೆ ಹೊಂದಿಸಿದ ಮೋಟಾರಿಗೆ ಕಿಲೋವ್ಯಾಟಿಗೆ ಸುಮಾರು 70 ಮೈಕ್ರೊಫ್ಯಾರಡ್ ಎಂಬುದು ವಾಡಿಕೆಯ ಲೆಕ್ಕ. ನಮ್ಮ ಲೇತಿಗೆ ನೂರರ ಆಸುಪಾಸು. ಕಂಡೆನ್ಸರನ್ನು ಇನ್ನೊಂದು ತುದಿಗೆ ಬದಲಿಸಿದರೆ ಮೋಟಾರು ಹಿಮ್ಮುಖ ತಿರುಗುತ್ತದೆ.

ಅಗ್ಗದ್ದರಲ್ಲಿ ಕೊರತೆಯೂ ಇರಬೇಕಲ್ಲ. ಹೀಗೆ ಓಡುವ ಮೋಟಾರಿನಿಂದ ಅದರ ಶಕ್ತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಹೊರಡುವಾಗಿನ ಬಲವಂತೂ ಬಹಳ ಕಡಿಮೆ. ಅದಕ್ಕೆಂದು ಇನ್ನಷ್ಟು ದೊಡ್ಡ ಸ್ಟಾರ್ಟಿಂಗ್ ಕಂಡೆನ್ಸರ್ ಹಾಕಿ, ಒಂದೆರಡು ಸೆಕೆಂಡಿನಲ್ಲಿ ಕಳಚಿಕೊಳ್ಳುವಂತೆ ಮಾಡಬೇಕು. ಹಾಗೆ ಕಳಚದಿದ್ದರೆ ಅದು ಬಿಸಿಯೇರಿ ಸಿಡಿಯುವುದುಂಟು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಒಂದು ಕಂಡೆನ್ಸರ್ ಒಂದೇ ಹೊರೆಗೆ ಸರಿ. ಲೇತಿನ ಹೊರೆಯೋ ಉಳಿ ಕಬ್ಬಿಣಕ್ಕೆ ತಾಗಿದಾಗ ಒಂದು, ತಾಗದಿದ್ದಾಗ ಒಂದು. ಬರಿದೇ ತಿರುಗುವಾಗ ಮೂರು ಸುರುಳಿಗಳಲ್ಲಿ ಒಂದಕ್ಕೆ ಮಿತಿ ಮೀರಿ ಕರೆಂಟು ಹರಿದು ಮೋಟಾರು ಕಾಯುತ್ತದೆ. ಒಂದೇ ಹದದಲ್ಲಿ ಓಡುವ ಸಾಣೆಯಂಥ ಯಂತ್ರಕ್ಕೆ ಈ ಉಪಾಯ ಹೊಂದುತ್ತದೆ. ದಿನವಿಡೀ ಕೆಲಸ ಮಾಡುವ ಲೇತಿಗೆ ಅರೆಮನಸ್ಸಿನ ಪರಿಹಾರ.

ಇದೇ ಕಂಡೆನ್ಸರ್ ಪೆಟ್ಟಿಗೆ ಹಳ್ಳಿಗಳಲ್ಲಿ ಬೇರೊಂದು ಕಥೆ ಬರೆದಿದೆ. ಮೂರು ಫೇಸ್ ಕಡಿತವಾಗಿ ದೀಪಕ್ಕೆಂದು ಒಂದೆರಡು ಫೇಸ್ ಮಾತ್ರ ಉಳಿದ ಹೊತ್ತಿನಲ್ಲಿ, ಒಣಗುವ ಬೆಳೆ ನೋಡಲಾರದೆ ರೈತರು ಅದರಿಂದ ಪಂಪ್‌ಸೆಟ್ ಓಡಿಸಿದರು. ಗುಜರಾತಿನಲ್ಲಿ ಅದಕ್ಕೆ 'ತೋತಾ' ಎಂಬ ಹೆಸರೇ ಇತ್ತು. ಒಬ್ಬರು ಮಾಡಿದರೆ ನಡೆದೀತು. ಊರೆಲ್ಲ ಒಂದೇ ಫೇಸಿನ ಮೇಲೆ ಬಿದ್ದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಮನೆಯ ದೀಪ ಮಿಣುಕುತ್ತದೆ. ಮನೆಗೂ ಪಂಪ್‌ಸೆಟ್ಟಿಗೂ ಬೇರೆ ಬೇರೆ ಮಾರ್ಗ ಎಳೆದ ಗುಜರಾತಿನ 2003ರ ಜ್ಯೋತಿಗ್ರಾಮ, ಆಮೇಲೆ ಬಂದ ನಮ್ಮ ನಿರಂತರ ಜ್ಯೋತಿ ಯೋಜನೆಗಳ ಹಿಂದೆ ಈ ಬಗೆಯ ಅನುಭವವೂ ಇದೆ.

ತಿರುಗುವ ದಾರಿ

ಎರಡನೆಯದು ರೈಲಿನ ಆರ್ನೋದ ತಮ್ಮ. ಲೇತಿನ ಮೋಟಾರಿಗಿಂತ ದೊಡ್ಡದಾದ, ಒಂದೂವರೆ ಪಟ್ಟು ಶಕ್ತಿಯ ಇನ್ನೊಂದು ಮೂರು ಫೇಸಿನ ಹಳೆಯ ಮೋಟಾರನ್ನು ಮೂಲೆಯಲ್ಲಿ ಕೂರಿಸಬೇಕು. ಅದಕ್ಕೆ ಯಾವ ಕೆಲಸವೂ ಇಲ್ಲ, ಸುಮ್ಮನೆ ತಿರುಗುತ್ತಿರಬೇಕಷ್ಟೆ. ಒಂದು ಫೇಸ್ ಕೊಟ್ಟು, ಕಂಡೆನ್ಸರಿನಿಂದ ಒಮ್ಮೆ ಹೊರಡಿಸಿದರೆ ಅದು ಓಡುತ್ತಲೇ ಇರುತ್ತದೆ. ಓಡುವ ರೋಟರಿನ ಕಾಂತಬಲ ಖಾಲಿಯಿದ್ದ ಮೂರನೆಯ ಸುರುಳಿಯನ್ನೂ ಹಾದು ಅಲ್ಲಿ ವಿದ್ಯುತ್ತು ಹುಟ್ಟಿಸುತ್ತದೆ. ಹೀಗೆ ಹುಟ್ಟಿದ ಮೂರನೆಯ ಫೇಸನ್ನು ಮನೆಯ ಎರಡು ತಂತಿಗಳ ಜೊತೆ ಲೇತಿಗೆ ಕೊಡುವುದು. ಇಲ್ಲಿ ಸಂಪಿನ ಕೆಲಸ ಮಾಡುವುದು ಆ ಸುತ್ತುವ ಕಬ್ಬಿಣದ ತೂಕ.

ಲೇತಿನ ಹೊರೆ ಏರಿಳಿದರೂ ಇದು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಒಂದೇ ಪರಿವರ್ತಕದಿಂದ ಲೇತು, ಡ್ರಿಲ್ಲಿಂಗ್ ಯಂತ್ರ ಎರಡನ್ನೂ ನಡೆಸಬಹುದು. ಕೆಟ್ಟರೆ ವೈಂಡಿಂಗ್ ಅಂಗಡಿಯಲ್ಲೇ ರಿಪೇರಿ. ಆದರೆ ಕೆಲಸವಿರಲಿ ಬಿಡಲಿ ಅದು ಗುರುಗುಡುತ್ತಾ ಮೀಟರ್ ಓಡಿಸುತ್ತಿರುತ್ತದೆ. ಯಂತ್ರದ ನಿಯಂತ್ರಣ ಕಾಯಿಲ್‌ಗಳನ್ನು ಈ ಹುಟ್ಟಿಸಿದ ಫೇಸಿಗೆ ಜೋಡಿಸಬಾರದು. ಅದರ ವೋಲ್ಟೇಜು ಹೊರೆಗೆ ತಕ್ಕಂತೆ ತೂಗಾಡುತ್ತದೆ. ಇನ್ನೂ ಒಂದು ಮಾತು: ಮನೆಯ 230 ವೋಲ್ಟ್ ಕೊಟ್ಟರೆ ಇದರಿಂದ ಬರುವುದೂ ಅಷ್ಟೇ. 415 ಬೇಕಿದ್ದರೆ ಮೊದಲೇ ಟ್ರಾನ್ಸ್‌ಫಾರ್ಮರ್ ಇಟ್ಟು ಏರಿಸಿಕೊಳ್ಳಬೇಕು.

ಜಲಹಳ್ಳಿಯ ಹುಡುಗನ ಸ್ವಿಚ್ಚು

ಮೂರನೆಯದು ಪೀಣ್ಯದ ಗೆಳೆಯ ಹೇಳಿದ ಡ್ರೈವ್, ವಿಎಫ್‌ಡಿ ಎಂದು ಅಂಗಡಿಗಳಲ್ಲಿ ಕರೆಯುವ ಪೆಟ್ಟಿಗೆ. ಅದು ಮನೆಯ ವಿದ್ಯುತ್ತನ್ನು ಮೊದಲು ನೇರ ವಿದ್ಯುತ್ತಾಗಿಸಿ, ಸುಮಾರು 325 ವೋಲ್ಟಿನಲ್ಲಿ ಕೆಪಾಸಿಟರುಗಳಲ್ಲಿ ತುಂಬಿಕೊಳ್ಳುತ್ತದೆ. ಅದೇ ಅದರ ಸಂಪು. ಆಮೇಲೆ ಆರು ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ಸರದಿ ತಪ್ಪದ ಮೂರು ಫೇಸುಗಳನ್ನು ಹೊಸದಾಗಿ ಹೆಣೆಯುತ್ತವೆ.

ಆ ಸ್ವಿಚ್ಚಿನ ಹೆಸರು ಐಜಿಬಿಟಿ. ಅದನ್ನು ರೂಪಿಸಿದ ಬಿ. ಜಯಂತ್ ಬಾಳಿಗ ಬೆಳೆದದ್ದು ಪೀಣ್ಯದ ಮಗ್ಗುಲಲ್ಲೇ ಇರುವ ಜಲಹಳ್ಳಿಯಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ, 1980ರ ದಶಕದ ಆರಂಭದಲ್ಲಿ ಅವರು ಮಾಡಿದ ಕೆಲಸಕ್ಕೆ 2024ರಲ್ಲಿ ಫಿನ್‌ಲೆಂಡಿನ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿ ಬಂತು.

ಡ್ರೈವ್‌ನ ಗುಣಗಳು ಹಲವು. ಮೂರೂ ಫೇಸ್ ಸಮನಾಗಿ ಬರುವುದರಿಂದ ಮೋಟಾರು ತನ್ನ ಪೂರ್ತಿ ಶಕ್ತಿ ಕೊಡುತ್ತದೆ. ಜಗ್ಗದೆ ಮೆಲ್ಲಗೆ ಹೊರಡುತ್ತದೆ. ಬೆಲ್ಟು ಬದಲಿಸದೆ ವೇಗ ಏರಿಸಿ ಇಳಿಸಬಹುದು. ಆದರೆ ಇದು ಸೂಕ್ಷ್ಮ ಜಾತಿಯದು. ಡ್ರೈವಿಗೂ ಮೋಟಾರಿಗೂ ನಡುವೆ ಯಾವ ಸ್ವಿಚ್ಚೂ ಇರಕೂಡದು. ಹಳೆಯ ಸ್ಟಾರ್ಟರನ್ನು ಕಳಚಿ, ಹೊರಡಿಸುವ ನಿಲ್ಲಿಸುವ ಆಜ್ಞೆಯನ್ನು ಡ್ರೈವಿಗೇ ಕೊಡಬೇಕು. ಲೇತಿನ ಕಬ್ಬಿಣದ ಪುಡಿ ಅದರೊಳಗೆ ಹೊಕ್ಕರೆ ಶಾರ್ಟ್ ಆಗಿ ಮುಗಿಯಿತು. ವೇಗ ಬಹಳ ತಗ್ಗಿಸಿ ಓಡಿಸಿದರೆ ಮೋಟಾರಿನ ಬೆನ್ನಿಗಿರುವ ಫ್ಯಾನೂ ನಿಧಾನವಾಗಿ ಮೋಟಾರು ಕಾಯುತ್ತದೆ. ಮರೆ ತಿರುಗಿಸಿ ಕೂರಿಸುವ ಚಕ್ಕಿನ ಹಳೆಯ ಲೇತುಗಳಲ್ಲಿ ಗಕ್ಕನೆ ನಿಲ್ಲಿಸಿದರೆ ಅಥವಾ ಹಿಮ್ಮುಖ ಓಡಿಸಿದರೆ ಚಕ್ಕು ಬಿಚ್ಚಿಕೊಂಡು ಹಾರಬಹುದು. ಯಜಮಾನರಂಥ ಅನುಭವಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ವೈಂಡಿಂಗ್ ಅಂಗಡಿಯವನ ಸಲಹೆ, ಒಂಟಿ ಫೇಸಿನ ಮೋಟಾರೇ ಹಾಕುವುದು. ಎರಡು ಅಶ್ವಶಕ್ತಿಯವರೆಗೆ ಇದರಲ್ಲಿ ತಪ್ಪೇನಿಲ್ಲ. ಬೋಲ್ಟಿನ ತೂತು, ಶಾಫ್ಟಿನ ಎತ್ತರ ಹೊಂದಬೇಕಷ್ಟೆ. ಆದರೆ ಬಿಡುವು ಇರುವ ವಿದ್ಯುತ್ತಿನ ನಡುಕ ಅದರ ಮೈಯಲ್ಲಿರುತ್ತದೆ. ಕಡೆದ ಕಬ್ಬಿಣದ ನಯದಲ್ಲಿ ಅದು ಕೆಲವೊಮ್ಮೆ ಕಾಣಿಸಿಕೊಳ್ಳುತ್ತದೆ.

ಆರು ತುದಿಗಳ ಪೆಟ್ಟಿಗೆ

ಯಾವ ದಾರಿ ಹಿಡಿದರೂ ಮೊದಲು ಮೋಟಾರಿನ ತಲೆಯ ಮೇಲಿರುವ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಬೇಕು. ಎಷ್ಟೋ ಮಂದಿ ಎಡವುವುದು ಇಲ್ಲೇ. ತಗಡಿನ ಪಟ್ಟಿ 415 ವೋಲ್ಟ್ ಕೇಳುತ್ತದೆ, ಮನೆಯಲ್ಲಿರುವುದು 230. ನಮ್ಮಲ್ಲಿ ಎರಡು ಅಶ್ವಶಕ್ತಿಯಂಥ ಸಣ್ಣ ಮೋಟಾರುಗಳನ್ನು ಸಾಮಾನ್ಯವಾಗಿ ಸ್ಟಾರ್ ಜೋಡಣೆಯಲ್ಲಿ ಕಟ್ಟಿರುತ್ತಾರೆ. ಮೂರು ಸುರುಳಿಗಳ ಒಂದೊಂದು ತುದಿ ನಡುವೆ ಗಂಟು ಹಾಕಿಕೊಂಡಿರುತ್ತದೆ. 415 ವೋಲ್ಟಿನ ಸ್ಟಾರಿನಲ್ಲಿ ಪ್ರತಿ ಸುರುಳಿಗೆ ಸಿಗುವುದು 240 ಮಾತ್ರ. ಅಂದರೆ ಸುರುಳಿಯ ನಿಜವಾದ ಹಸಿವು ಮನೆಯ ವೋಲ್ಟಿನಷ್ಟೇ! ಪೆಟ್ಟಿಗೆಯಲ್ಲಿ ಆರು ತುದಿಗಳಿದ್ದರೆ ಅಲ್ಲಿರುವ ಪಟ್ಟಿಗಳನ್ನು ಬದಲಿಸಿ ಡೆಲ್ಟಾ ಜೋಡಣೆ ಮಾಡಿದರೆ, ಅದೇ ಮೋಟಾರು 230 ವೋಲ್ಟಿನ ಮೂರು ಫೇಸಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಬಲದಿಂದ ಓಡುತ್ತದೆ. ಮೊದಲು ಮೂರೂವರೆ ಆಂಪಿಯರ್ ಎಳೆಯುತ್ತಿದ್ದದ್ದು ಈಗ ಆರು ಎಳೆಯುತ್ತದೆ, ಅಷ್ಟೆ. ಹೊರಗೆ ಮೂರೇ ತುದಿ ಬಂದಿದ್ದರೆ ವೈಂಡಿಂಗ್ ಗೊತ್ತಿದ್ದವರು ಒಳಗಿನ ಗಂಟು ಬಿಚ್ಚಿ ತುದಿಗಳನ್ನು ಹೊರಗೆ ತಂದುಕೊಡಬೇಕು. ಐದು ಅಶ್ವಶಕ್ತಿ ಮತ್ತು ಮೇಲಿನ ಮೋಟಾರುಗಳು ಸಾಮಾನ್ಯವಾಗಿ 415ಕ್ಕೇ ಡೆಲ್ಟಾ ಆಗಿರುತ್ತವೆ. ಅವಕ್ಕೆ ಈ ಉಪಾಯ ನಡೆಯದು.

ಮನೆಯ ತಂತಿಯ ತಾಕತ್ತನ್ನೂ ನೋಡಬೇಕು. ಎರಡು ಅಶ್ವಶಕ್ತಿಯ ಡ್ರೈವು ವಿದ್ಯುತ್ತನ್ನು ಒಂದೇ ಸಮ ಕುಡಿಯದೆ ಗುಟುಕು ಗುಟುಕಾಗಿ ಎಳೆಯುವುದರಿಂದ ಒಳಬರುವ ಕರೆಂಟು 14–15 ಆಂಪಿಯರ್ ತಲುಪಬಹುದು. ಕೊಟ್ಟಿಗೆಯ ಬಲ್ಬಿಗೆಂದು ಎಳೆದ ಸಪೂರ ತಂತಿಗೆ ಇದನ್ನು ಹಚ್ಚಿದರೆ ಬೆಂಕಿಗೆ ಆಹ್ವಾನ. ಮೀಟರಿನ ಬಳಿಯಿಂದಲೇ ಬೇರೆ ದಪ್ಪ ತಂತಿ, ಬೇರೆ ಎಂಸಿಬಿ, ಗಟ್ಟಿ ಅರ್ತಿಂಗ್ ಬೇಕು. ಇದು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನ ಕೆಲಸ.

ಜೀವಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆಗಳಿವೆ. ಒಂದು, ಸ್ವಿಚ್ ಆರಿಸಿದ ತಕ್ಷಣ ಡ್ರೈವ್ ಸಾಯುವುದಿಲ್ಲ. ಅದರ ಸಂಪಿನಲ್ಲಿ 325 ವೋಲ್ಟ್ ಕುಳಿತಿರುತ್ತದೆ. ಮುಚ್ಚಳದ ಮೇಲೆ ಬರೆದಷ್ಟು ನಿಮಿಷ ಕಾದು, ಮೀಟರ್ ಇಟ್ಟು ನೋಡಿಯೇ ಕೈ ಹಾಕಬೇಕು. ಎರಡು, ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಹೊರಡಬಾರದು. ಹಳೆಯ ಸ್ಟಾರ್ಟರಿನಲ್ಲಿ ಕರೆಂಟು ಹೋದೊಡನೆ ಬಿಟ್ಟುಕೊಳ್ಳುವ ಕಾಯಿಲ್ ಇತ್ತು. ಸ್ಟಾರ್ಟರ್ ಕಳಚಿದಾಗ ಆ ಕಾವಲುಗಾರನೂ ಹೋದ ಹಾಗೆ. ಒತ್ತಿದರೆ ಮಾತ್ರ ಹೊರಡುವ ಗುಂಡಿಗಳ ಜೋಡಣೆ ಮಾಡಿಸದಿದ್ದರೆ, ಕರೆಂಟಿಲ್ಲವೆಂದು ಚಕ್ಕಿನೊಳಗೆ ಕೈಯಿಟ್ಟು ಕೆಲಸ ಜೋಡಿಸುತ್ತಿರುವಾಗಲೇ ಲೇತು ತಿರುಗೀತು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಇದು ಬರೇ ಊಹೆಯ ಮಾತಲ್ಲ.

ಪಕ್ಕದ ಮನೆಯಿಂದ ತಂತಿ ಎಳೆಯುವ ಸಲಹೆ ಏಕೆ ಕೂಡದು? ಎರಡು ಬೇರೆ ಫೇಸುಗಳ ನಡುವೆ ಇರುವುದು 230 ಅಲ್ಲ, 400 ವೋಲ್ಟಿಗೂ ಹೆಚ್ಚು. ಒಂದು ಮನೆಯ ಮೇನ್ ಸ್ವಿಚ್ ಆರಿಸಿದರೂ ಇನ್ನೊಂದು ಮನೆಯಿಂದ ಆ ಯಂತ್ರಕ್ಕೆ ಕರೆಂಟು ಬರುತ್ತಲೇ ಇರುತ್ತದೆ. ಆರಿದೆಯೆಂದು ನಂಬಿ ಮುಟ್ಟಿದವರ ಗತಿ ಹೇಳಬೇಕಾಗಿಲ್ಲ. ಕಾನೂನಿನ ಮಾತು ಆಮೇಲೆ.

ಕಾನೂನಿನ ಮಾತೂ ಇದೆ. ಮನೆಬಳಕೆಯ ಮೀಟರಿನಲ್ಲಿ ಹಣಕ್ಕಾಗಿ ವರ್ಕ್‌ಶಾಪ್ ನಡೆಸುವಂತಿಲ್ಲ. ಅದಕ್ಕೆ ದರವೇ ಬೇರೆ, ಮಂಜೂರಾದ ಹೊರೆಯ ಲೆಕ್ಕವೂ ಬೇರೆ. ಆದ್ದರಿಂದ ಮೊದಲ ಹೆಜ್ಜೆ ಬೀದಿಗೆ ಬಂದು ಕಂಬ ನೋಡುವುದು. ಮೂರು ಫೇಸಿನ ತಂತಿ ಮನೆ ಮುಂದೆಯೇ ಹಾದುಹೋಗಿದ್ದರೆ ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಖರ್ಚು ಕೇಳಬೇಕು. ಅದು ಡ್ರೈವ್‌ನ ಬೆಲೆಗೆ ಸಮೀಪವಿದ್ದರೆ, ಅಥವಾ ಮುಂದೆ ಇನ್ನೊಂದು ಯಂತ್ರ ತರುವ ಆಸೆಯಿದ್ದರೆ, ಎರಡು ಮಾತಿಲ್ಲದೆ ಅದೇ ಸರಿ. ಯಾವ ಪೆಟ್ಟಿಗೆಯೂ ನಿಜವಾದ ಮೂರು ತಂತಿಗೆ ಸಮನಲ್ಲ. ಕಂಬ ದೂರವಿದ್ದು, ಯಂತ್ರ ಒಂದೇ ಇದ್ದು, ಅದು ಎರಡು ಅಶ್ವಶಕ್ತಿಯದಾಗಿದ್ದರೆ, ವರ್ಕ್‌ಶಾಪಿಗೆ ಒಪ್ಪುವ ಮೀಟರು ಪಡೆದು ಡೆಲ್ಟಾ ಜೋಡಣೆಯ ಮೋಟಾರಿಗೊಂದು ಡ್ರೈವ್ ಹಾಕುವುದು ಇಂದಿನ ಮಟ್ಟಿಗೆ ಒಪ್ಪುವ ದಾರಿ.

ಯಜಮಾನರ ಕೊಟ್ಟಿಗೆಯಲ್ಲೂ ಹಾಗೆಯೇ ಆಯಿತೆಂದುಕೊಳ್ಳಿ. ಗುಂಡಿ ಒತ್ತಿದಾಗ ಲೇತು ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆ ಧಡಕ್ಕೆಂದು ಎಗರದೆ ಮೆಲ್ಲಗೆ ತಿರುಗತೊಡಗುತ್ತದೆ. ಉಳಿ ತಾಗಿ ಮೊದಲ ಸುರುಳಿ ಬಿಚ್ಚಿಕೊಂಡು ಬೀಳುವ ಹೊತ್ತಿಗೆ ಪಕ್ಕದ ಪೆಟ್ಟಿಗೆಯೊಳಗೆ ಆರು ಜೂಲಿನ ಸಾಲ ಸೆಕೆಂಡಿಗೆ ನೂರು ಸಲ ಹುಟ್ಟಿ ನೂರು ಸಲ ತೀರುತ್ತಿರುತ್ತದೆ. ನಿವೃತ್ತರಾದ ಮೇಲೂ ದುಡಿಯಬೇಕೆಂದು ಹೊರಟವರಿಗೆ ಬಡ್ಡಿಯಿಲ್ಲದೆ ಸಿಗುವ ಸಾಲ ಬಹುಶಃ ಇದೊಂದೇ.